ಸಿಬಿರೇಳದ ತೂತು

ನಮ್ಮ ದೊಡ್ಡಪ್ಪ ಮರಕ್ಕೆ ಮೊದಲ ಸಲ ತೂತು ಕೊರೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೇಲಿಂದ ನೋಡಿದರೆ ಪರವಾಗಿಲ್ಲ, ಗುಂಡಗೇ ಇತ್ತು. ಹಲಗೆ ತಿರುಗಿಸಿದರೆ ಹೆಗ್ಗಣ ಗೋಡೆ ಒಡೆದುಕೊಂಡು ಓಡಿಹೋದ ಹಾಗಿತ್ತು. ಅಂಚಿನ ಸುತ್ತ ಮರ ಸೀಳಿ, ಸಿಬಿರು ಎದ್ದು, ಒಂದು ಚಕ್ಕೆ ಕಿತ್ತು ಬಂದು ನೇತಾಡುತ್ತಿತ್ತು. ದೊಡ್ಡಪ್ಪ ಅದನ್ನು ಹೆಬ್ಬೆರಳಿಂದ ಒತ್ತಿ ಮತ್ತೆ ಅದರ ಜಾಗದಲ್ಲಿ ಕೂರಿಸೋಕೆ ನೋಡಿದರು. ಚಕ್ಕೆ ಕೂರಲಿಲ್ಲ. ಹೆಬ್ಬೆರಳಲ್ಲಿ ಸಿಬಿರು ಕೂತಿತು.

"ಹಿಂದಗಡೆ ಯಾರು ನೋಡ್ತಾರೆ ಬಿಡೋ," ಅಂದರು.

"ಮಗು ನೋಡುತ್ತೆ, ದೊಡ್ಡಪ್ಪ."

"ಶ್! ಮಗು ಗಿಗು ಅನ್ಬೇಡ. ನಿಮ್ ದೊಡ್ಡಮ್ಮ ಕೇಳಿಸ್ಕೊಂಡ್ರೆ ನಿನಗೂ ಊಟ ಇಲ್ಲ, ನನಗೂ ಇಲ್ಲ. ಇದು ಗಿಡ ಇಡೋ ಸ್ಟ್ಯಾಂಡು. ತಿಳೀತಾ?"

ಈ ಗಿಡದ ಸ್ಟ್ಯಾಂಡಿನ ಕತೆ ಮೊದಲು ಹೇಳಿಬಿಡಬೇಕು. ಶಂಕರಪುರಂನಲ್ಲಿ ನಮ್ಮದು ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಮುಂದಿನದು ದೊಡ್ಡಪ್ಪನದು, ಹಿಂದಿನದು ನಮ್ಮದು. ನಡುವೆ ಒಂದು ಬಾಗಿಲಿದೆ, ಅದನ್ನು ಯಾರಾದರೂ ಹಾಕಿದ್ದು ನಾನು ಕಂಡಿಲ್ಲ. ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಮುಂದಿನ ಮನೆಯ ಅಟ್ಟದ ಮೇಲೆ ತಾತನ ಕಾಲದ ತೇಗದ ತೊಟ್ಟಿಲೊಂದಿತ್ತು. ಸರಪಳಿಗೆ ನೇತುಹಾಕೋ ಥರದ್ದು. ಮೇಲೆ ದಪ್ಪನೆಯ ಪಟ್ಟಿ, ಕೆಳಗೆ ಹಲಗೆ, ಎರಡರ ನಡುವೆ ಸಾಲಾಗಿ ಮರದ ಕಂಬಿಗಳು, ಅವುಗಳ ಮೇಲಿನ ತುದಿ ಪಟ್ಟಿಯ ತೂತುಗಳಲ್ಲಿ ಈಚೆಯಿಂದ ಆಚೆಗೆ ತೂರಿಸಿದ್ದು. ನಮ್ಮ ಮನೆಯ ಎಲ್ಲಾ ಮಕ್ಕಳೂ ಅದರಲ್ಲೇ ಮಲಗಿ ಬೆಳೆದವರು. ಮೇಲಿನ ಪಟ್ಟಿಯ ಮೇಲೆ ನನ್ನ ಹಾಲುಹಲ್ಲಿನ ಗುರುತೂ ಇತ್ತು. ಈ ಮನೆತನಕ್ಕೆ ನಾನು ಇಲ್ಲಿವರೆಗೆ ಕೊಟ್ಟ ಕೊಡುಗೆ ಅದೊಂದೇ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ನಮ್ಮಲ್ಲಿ ಮಗು ಹುಟ್ಟೋಕೆ ಮುಂಚೆ ತೊಟ್ಟಿಲು ಕೆಳಗಿಳಿಸೋ ಹಾಗಿಲ್ಲ. ಇಳಿಸೋದಿರಲಿ, ತೊಟ್ಟಿಲು ಅಂತ ಬಾಯಲ್ಲಿ ಅನ್ನೋ ಹಾಗೂ ಇಲ್ಲ. ದೊಡ್ಡಪ್ಪನಿಗೆ ತಡೆಯಲಿಲ್ಲ. ದೊಡ್ಡಮ್ಮ ಗಾಂಧಿ ಬಜಾರಿಗೆ ಹೂವು ತರೋಕೆ ಹೋದ ಹೊತ್ತು ನೋಡಿ, "ಸುಮ್ನೆ ಧೂಳು ಒರೆಸ್ತೀನಿ" ಅಂತ ಏಣಿ ಹತ್ತಿದರು. ನಾನು ಹಿಡ್ಕೋತೀನಿ ಅಂದರೆ "ಮಂಡಿಲಿ ಬೇಳೆ ಚೀಲ ಹೊತ್ತ ಹೆಗಲು ಇದು" ಅಂದರು. ಹೊತ್ತ ಹೆಗಲೇನೋ ಸರಿ, ಹೊತ್ತು ನಲವತ್ತು ವರ್ಷ ಆಗಿತ್ತು. ತೊಟ್ಟಿಲು ಅವರ ಕೈ ಜಾರಿ, ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನಮಸ್ಕಾರ ಮಾಡುತ್ತಾ ನೆಲಕ್ಕೆ ಬಂತು. ಒಂದು ಬದಿಯ ಮೇಲಿನ ಪಟ್ಟಿ, ನನ್ನ ಹಲ್ಲಿನ ಗುರುತಿದ್ದದ್ದೇ, ಉದ್ದಕ್ಕೆ ಸೀಳಿ ಎರಡಾಯಿತು.

ಹೂವಿನ ಬುಟ್ಟಿ ಹಿಡಿದು ಒಳಗೆ ಬಂದ ದೊಡ್ಡಮ್ಮ ಬುಟ್ಟಿ ಕೆಳಗಿಟ್ಟು, ಎರಡು ತುಂಡನ್ನೂ ನೋಡಿ, ದೇವರ ಮನೆಗೆ ಹೋಗಿ ವಿಭೂತಿ ತಂದು ತೊಟ್ಟಿಲಿಗೆ ಹಚ್ಚಿದರು. ಆಮೇಲೆ ಗಂಡನ ಹಣೆಗೂ ಹಚ್ಚಿದರು, ಸ್ವಲ್ಪ ಜೋರಾಗೇ.

"ಆಚಾರಿಗೆ ಹೇಳಿ ಕಳಿಸ್ತೀನಿ," ಅಂದರು ಅಪ್ಪ.

"ಮುರಿದೋನು ನಾನು. ಮಾಡೋನೂ ನಾನೇ," ಅಂದರು ದೊಡ್ಡಪ್ಪ. "ನನ್ ಮೊಮ್ಮಗು ನಮ್ ತೊಟ್ಟಿಲಲ್ಲೇ ಮಲಗ್ಬೇಕು. ಇನ್ನೊಬ್ಬರ ಕೈ ಬೇಡ."

ಬೀಗರ ಮನೆ ಮಲ್ಲೇಶ್ವರದಲ್ಲಿ. ವಿಷಯ ಅಲ್ಲಿಗೆ ಹೇಗೆ ಹೋಯಿತೋ ಆ ಶಿವನಿಗೇ ಗೊತ್ತು (ನನಗೂ ಗೊತ್ತು, ಫೋನ್ ಮಾಡಿದ್ದು ನಾನೇ). ಬೀಗರು ಬಹಳ ಒಳ್ಳೆಯವರು, ಅದೇ ತೊಂದರೆ. "ನೀವ್ಯಾಕೆ ಕಷ್ಟಪಡ್ತೀರಿ? ಬ್ಯಾಟರಿದು ಒಂದು ನೋಡಿಟ್ಟಿದೀವಿ. ಅದಾಗೇ ತೂಗ್ಕೊಳುತ್ತೆ, ಅದಾಗೇ ಜೋಗುಳ ಹಾಡುತ್ತೆ. ಮಗು ಹುಟ್ಟಿದ ಮೇಲೆ ಒಂದು ಬಟನ್ ಒತ್ತಿದ್ರೆ ನಿಮ್ ಬಾಗಿಲಿಗೇ ಬರುತ್ತೆ," ಅಂದರು. ತೊಟ್ಟಿಲು ತವರಿನಿಂದ ಬರಬೇಕು ಅನ್ನೋದು ನಮ್ಮ ಪದ್ಧತಿ. ಅದು ಬೀಗರ ಕಡೆಯಿಂದ, ಅದೂ ಬ್ಯಾಟರಿ ಹಾಕಿಕೊಂಡು ಬರೋದು ಅಂದರೆ ದೊಡ್ಡಪ್ಪನ ಮಟ್ಟಿಗೆ ಮದುವೆ ಮನೆಯಲ್ಲಿ ಅನ್ನ ಸಾಲದೆ ಬಂದ ಹಾಗೆ. ಹೀಗಾಗಿ ನಾಮಕರಣದ ದಿನಕ್ಕೆ ಪಟ್ಟಿ ಆಗಲೇಬೇಕಿತ್ತು. ಮಗು ಹುಟ್ಟೋತನಕ ತೊಟ್ಟಿಲು ಮುಟ್ಟಬಾರದು ಅಂತ ದೊಡ್ಡಮ್ಮನ ಅಪ್ಪಣೆ ಬೇರೆ. ಅದಕ್ಕೇ ಗಿಡದ ಸ್ಟ್ಯಾಂಡಿನ ಹೆಸರಲ್ಲಿ ಅಭ್ಯಾಸ ಶುರುವಾಯಿತು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು. ನಾನು ಆಗ ಸಿಎ ಪರೀಕ್ಷೆಗೆ ಓದುತ್ತಿದ್ದೆ. ಈಗಲೂ ಓದುತ್ತಿದ್ದೇನೆ. ಮನೆಯಲ್ಲಿರೋನು ಸದಾ ನಾನೊಬ್ಬನೇ ಆದ್ದರಿಂದ ಏಣಿ, ಸುತ್ತಿಗೆ, ಗ್ಯಾಸ್ ಸಿಲಿಂಡರ್, ದೊಡ್ಡಪ್ಪ, ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು. ನನಗೆ ಹತ್ತಿದ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯೋದು. ನಮ್ಮ ಬೀದಿಯ ಸೊಪ್ಪಿನವಳಿಂದ ಹಿಡಿದು ನಮ್ಮ ಆಡಿಟರ್ ಸಾಹೇಬರ ಕೆಮ್ಮಿನವರೆಗೆ ಎಲ್ಲಾ ಮಾಡುತ್ತೇನೆ. ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗುತ್ತೆ.

ದೊಡ್ಡಪ್ಪ ಯಾಕೆ ಹಾಗೆ ಕೊರೆಯುತ್ತಿದ್ದರು ಅನ್ನೋದು ಎರಡು ಮೂರು ಹಲಗೆ ಹಾಳಾದ ಮೇಲೆ ನನಗೆ ಹೊಳೆಯಿತು. ಜೀವಮಾನವೆಲ್ಲ ಅವರು ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ನಡೆಸಿದವರು. ಚೀಲದ ಒಳಗಿನ ಮಾಲು ಹೇಗಿದೆ ಅಂತ ನೋಡೋಕೆ ಅಲ್ಲಿ ಒಂದು ಮೊನಚಾದ ಕೊಳವೆ ಇರುತ್ತೆ. ಅದನ್ನು ಗೋಣಿಗೆ ಚುಚ್ಚಿ ತಿರುವಿ ಎಳೆದರೆ ಕೊಳವೆ ತುಂಬ ತೊಗರಿಬೇಳೆ ಬರುತ್ತೆ. ನಿಧಾನವಾಗಿ ಚುಚ್ಚಿದರೆ ಗೋಣಿ ಜಗ್ಗುತ್ತೆ, ಕಾಳು ಚೆಲ್ಲುತ್ತೆ. ಒಂದೇ ಏಟಿಗೆ, ಭುಜ ಕೊಟ್ಟು ನುಗ್ಗಿಸಬೇಕು. ದೊಡ್ಡಪ್ಪ ಆ ವಿದ್ಯೆಯಲ್ಲಿ ಇಡೀ ಬೀದಿಗೇ ಹೆಸರುವಾಸಿ. ಅದೇ ಭುಜ, ಅದೇ ನುಗ್ಗು, ಪಾಪ ಮರಕ್ಕೆ! ಅವರು ಕೊರೆಯುತ್ತಲೇ ಇರಲಿಲ್ಲ. ಹಲಗೆಯಿಂದ ಸ್ಯಾಂಪಲ್ ತೆಗೆಯುತ್ತಿದ್ದರು.

"ದೊಡ್ಡಪ್ಪ, ಒಳಗಡೆ ಬೇಳೆ ಇಲ್ಲ. ಮರಾನೇ ಇರೋದು."

"ಗೊತ್ತು ಕಣೋ. ಒತ್ತದೆ ಇದ್ರೆ ಹೋಗುತ್ತೇನೋ ಅದು?"

"ಮಿಷನ್ನು ತಿರುಗ್ತಿದೆಯಲ್ಲ, ಅದಾಗೇ ಹೋಗುತ್ತೆ."

"ಅದಾಗೇ ಹೋಗುತ್ತೆ, ಅದಾಗೇ ತೂಗುತ್ತೆ, ಅದಾಗೇ ಹಾಡುತ್ತೆ! ನೀನೂ ಬೀಗರ ಪಾರ್ಟಿನಾ?"

ಒತ್ತು ಒಂದು ಕಡೆಗಾದರೆ ಡ್ರಿಲ್ಲಿನ ಮೂತಿಗೆ ಸಿಕ್ಕಿಸೋ ಬಿಟ್ಟಿನದು ಇನ್ನೊಂದು ಕತೆ. ಮನೆಯಲ್ಲಿದ್ದ ಡ್ರಿಲ್ಲು ಯಾವುದೋ ಕಾಲದಲ್ಲಿ ಪರದೆ ಕಂಬಿ ಹಾಕೋಕೆ ತಂದದ್ದು. ಚಾಮರಾಜಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಅದನ್ನೇ ಹಿಡಿದುಕೊಂಡು ಹೋದೆವು.

"ಗೋಡೆಗಾ ಸಾರ್, ಮರಕ್ಕಾ?" ಅಂದ ಅಂಗಡಿಯವನು.

"ತೂತಿಗೆ," ಅಂದರು ದೊಡ್ಡಪ್ಪ.

ಅವನು ನಮ್ಮ ಬಿಟ್ಟನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. ನಾವು ಇಷ್ಟು ದಿನ ಗೋಡೆ ಕೊರೆಯೋದರಲ್ಲಿ ಮರ ಕೊರೆಯುತ್ತಿದ್ದೆವಂತೆ. ಅದರ ತುದಿ ಮೊಂಡು, ಸಿಮೆಂಟನ್ನು ಕುಟ್ಟಿ ಪುಡಿ ಮಾಡೋಕೆ ಇರೋದು. ಮರದ್ದಕ್ಕೆ ನಡುವೆ ಒಂದು ಸಣ್ಣ ಮೊನೆ ಇರುತ್ತೆ, ಅಂಚಲ್ಲಿ ಎರಡು ಹಲ್ಲಿರುತ್ತೆ. ಮೊನೆ ಜಾಗ ಹಿಡಿಯುತ್ತೆ, ಹಲ್ಲು ಸುತ್ತ ಗೆರೆ ಕತ್ತರಿಸುತ್ತೆ, ಆಮೇಲೆ ಒಳಗಿನದು ಬರುತ್ತೆ. ಇಷ್ಟನ್ನೂ ಅವನು ಹೇಳುವಾಗ ನಾನು "ಹೌದೌದು" ಅಂತ ತಲೆಯಾಡಿಸುತ್ತಿದ್ದೆ. ಅದು ನನ್ನ ಅಭ್ಯಾಸ, ಸಿಎ ಓದಿನ ಕಾಸ್ಟಿಂಗ್ ಕ್ಲಾಸಿನಲ್ಲೂ ಹಾಗೇ ತಲೆಯಾಡಿಸಿದ್ದೇನೆ.

ಹೊಸ ಬಿಟ್ಟು ಬಂದ ಮೇಲೆ ಮೇಲಿನ ಅಂಚು ಬಳೆ ಒತ್ತಿ ತೆಗೆದ ಹಾಗೆ ಬಂತು. ಹಿಂದಿನ ಅಂಚು ಮಾತ್ರ ಮೊದಲಿನ ಹಾಗೇ, ಹೆಗ್ಗಣ ಸ್ವಲ್ಪ ಚಿಕ್ಕದಾಗಿತ್ತು ಅಷ್ಟೇ. ಹಜಾರದ ದಿವಾನದ ಮೇಲೆ ಕಾಲು ಚಾಚಿ ಮಲಗಿದ್ದ ಅಕ್ಕ ಹಲಗೆ ಇಸ್ಕೊಂಡು ನೋಡಿ, "ಅಪ್ಪಾ, ಈ ಗಿಡದ ಸ್ಟ್ಯಾಂಡಲ್ಲಿ ಗಿಡಾನೂ ಮಲಗಲ್ಲ," ಅಂದಳು.

ಅಡುಗೆಮನೆಯಿಂದ ದೊಡ್ಡಮ್ಮ ಬಂದರು. ತೊಟ್ಟಿಲ ವಿಷಯ ಅಂತ ಅವರಿಗೆ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು, ಏನೂ ಗೊತ್ತಿಲ್ಲದವರ ಹಾಗೆ ಅವರೂ ಇದ್ದರು. ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ, "ಗಾಳಿಲಿ ಹಿಡ್ಕೊಂಡು ಕೊರೆದ್ರಾ?" ಅಂದರು.

"ಮತ್ತೆ?"

"ವಡೆ ತಟ್ಟುವಾಗ ಗಾಳಿಲಿ ತೂತು ಮಾಡ್ತೀನಾ ನಾನು? ಕೆಳಗೆ ಎಲೆ ಇರುತ್ತೆ ತಾನೆ? ಇಲ್ದಿದ್ರೆ ಬೆರಳು ಆಚೆ ಬರ್ತಾನೇ ಹಿಟ್ಟೆಲ್ಲ ಕಿತ್ಕೊಂಡು ಬರುತ್ತೆ."

ಇಷ್ಟೇ ವಿಷಯ. ಬಿಟ್ಟು ಆ ಕಡೆ ಹೊರಬೀಳೋ ಗಳಿಗೆಯಲ್ಲಿ ಕೊನೆಯ ಎಳೆಗಳಿಗೆ ಹಿಂದೆ ಆಸರೆ ಇರೋದಿಲ್ಲ. ಅದಕ್ಕೇ ಕತ್ತರಿಸಿಕೊಳ್ಳದೆ ಕಿತ್ತುಕೊಂಡು ಬರುತ್ತವೆ. ಹಿಂದೆ ಇನ್ನೊಂದು ಹಲಗೆ ಬಿಗಿಯಾಗಿ ಕೊಟ್ಟರೆ ಸಿಬಿರಿಗೆ ಏಳೋಕೆ ಜಾಗವೇ ಇಲ್ಲ. ದೊಡ್ಡಪ್ಪ ತಕ್ಷಣ ಒಳಗೆ ಹೋಗಿ ಕೈಗೆ ಸಿಕ್ಕ ಒಳ್ಳೆಯ ಹಲಗೆಯನ್ನು ತಂದು ಕೆಳಗಿಟ್ಟು ಕೊರೆದರು. ತೂತು ಎರಡು ಕಡೆಯೂ ಚೊಕ್ಕ! ಅವರು ಕುಣಿಯೋದೊಂದು ಬಾಕಿ. ಸಂಜೆ ಚಪಾತಿ ಲಟ್ಟಿಸೋಕೆ ಮಣೆ ತೆಗೆದುಕೊಂಡ ದೊಡ್ಡಮ್ಮ, ಮಣೆಯ ನಟ್ಟನಡುವೆ ಇದ್ದ ತೂತಿನಿಂದ ನಮ್ಮಿಬ್ಬರನ್ನೂ ಒಂದೇ ಕಣ್ಣಲ್ಲಿ ನೋಡಿದರು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮ ಬುದ್ಧಿವಂತಿಕೆಯ ಇನ್ನೊಂದು ಕಂತು ಬಾಕಿ ಇತ್ತು. ಹಳೇ ಬಾಗಿಲು ಕಿಟಕಿ ಮಾರೋ ಅಂಗಡಿಯಿಂದ ನಾವು ಮೊದಲೇ ಒಂದು ತೇಗದ ತುಂಡು ತಂದು, ತೊಟ್ಟಿಲ ಪಟ್ಟಿಯ ಹಾಗೆ ಮೇಲೆ ಕೆಳಗೆ ಎರಡೂ ಕಡೆ ಉಬ್ಬಿಸಿ, ನುಣುಪು ಮಾಡಿಸಿ ಇಟ್ಟಿದ್ದೆವು. ಲಟ್ಟಣಿಗೆಯ ಹಾಗೆ ಗುಂಡಗಿತ್ತು. ಚಪ್ಪಟೆ ಹಲಗೆ ಅದರ ಕೆಳಗೆ ಕೊಟ್ಟರೆ ನಡುವೆ ಒಂದು ಗೆರೆಯಷ್ಟು ತಾಗುತ್ತೆ, ಅಕ್ಕಪಕ್ಕ ಖಾಲಿ. ಆಸರೆಯೇ ಇಲ್ಲ. ಮೊದಲು ತೂತು, ಆಮೇಲೆ ಉಬ್ಬು ಅನ್ನೋ ಬುದ್ಧಿ ಒಬ್ಬ ಮಂಡಿ ಯಜಮಾನನಿಗೂ ಒಬ್ಬ ಮುಕ್ಕಾಲು ಸಿಎಗೂ ಹೊಳೆದಿರಲಿಲ್ಲ. ಅಷ್ಟುದ್ದದ ಇನ್ನೊಂದು ತುಂಡು ಆ ಅಂಗಡಿಯಲ್ಲಿ ಇರಲಿಲ್ಲ.

ದಾರಿ ಇತ್ತು. ಫೋನಿನಲ್ಲಿ ಒಬ್ಬ ಗಡ್ಡದವನು ತೋರಿಸಿದ: ಒಂದು ಕಡೆಯಿಂದ ಕೊರೆಯುತ್ತಾ ಬಂದು, ಬಿಟ್ಟಿನ ಮೊನೆ ಮಾತ್ರ ಆ ಕಡೆ ಸೂಜಿಯಷ್ಟು ಇಣುಕಿದಾಗ ನಿಲ್ಲಿಸಬೇಕು. ಪಟ್ಟಿ ತಿರುಗಿಸಿ, ಆ ಸೂಜಿ ತೂತಿಗೇ ಮೊನೆ ಇಟ್ಟು ಆ ಕಡೆಯಿಂದ ಕೊರೆಯಬೇಕು. ಎರಡು ದಾರಿಯೂ ಒಳಗೆ ಕೂಡುತ್ತವೆ. ಹೊರಗೆ ಕಿತ್ತು ಬರೋ ಅಂಚೇ ಇರೋದಿಲ್ಲ.

"ನಿಲ್ಲಿಸ್ಬೇಕು ಅಂತಾನಲ್ಲ, ಎಲ್ಲಿ ನಿಲ್ಲಿಸ್ಬೇಕು ಅಂತ ಅವನಿಗೆ ಹೆಂಗೆ ಗೊತ್ತಾಗುತ್ತೆ?" ಅಂದರು ದೊಡ್ಡಪ್ಪ.

ಅದೇ ಪ್ರಶ್ನೆ. ಪಟ್ಟಿಯ ಹಾಗೇ ಗುಂಡಗಿದ್ದ, ಮುರಿದ ಪರದೆ ಕೋಲುಗಳ ಮೇಲೆ ಅಭ್ಯಾಸ ಮಾಡಿದರು. ಪ್ರತಿ ಸಲವೂ ಮೊನೆ ಇಣುಕೋದರ ಬದಲು ಇಡೀ ಬಿಟ್ಟು ಆಚೆ ಹೋಗಿ ಕುಣಿಯುತ್ತಿತ್ತು. ಸಿಬಿರು ಎದ್ದ ಕೋಲುಗಳು ಹಿತ್ತಲಲ್ಲಿ ರಾಶಿ ಬಿದ್ದವು.

ಒಂದು ಭಾನುವಾರ ತಿಂಡಿ ಆದ ಮೇಲೆ ಅಕ್ಕನಿಗೆ ಬೇಜಾರು. "ಏನಾದ್ರೂ ಮಾಡೋ, ನಗ್ಬೇಕು," ಅಂದಳು. ಅಪ್ಪ, ಅಮ್ಮ, ದೊಡ್ಡಮ್ಮ ಎಲ್ಲ ಇದ್ದರು, ದೊಡ್ಡಪ್ಪನೂ ಪೇಪರ್ ಹಿಡಿದು ಕೂತಿದ್ದರು. ನಾನು ಎದ್ದು ಪಂಚೆ ಮೇಲೆ ಕಟ್ಟಿ, ಭುಜ ಮುಂದೆ ಮಾಡಿ, ಕೈಯಲ್ಲಿ ಇಲ್ಲದ ಡ್ರಿಲ್ಲು ಹಿಡಿದು ಶುರುಮಾಡಿದೆ. ಮೊದಲು ಗಂಟಲಲ್ಲಿ "ಗೊರ್ರ್ರ್ರ್". ಜೊತೆಗೆ ದೊಡ್ಡಪ್ಪನ ದನಿ, "ಹೋಗಮ್ಮ, ಹೋಗು ತಾಯಿ, ಒಳ್ಳೆ ಮಾಲು ಇದೆ ಒಳಗೆ." ಮತ್ತೆ "ಗುರ್ರ್ರ್". ಆಮೇಲೆ ಮೂಗಿನಲ್ಲಿ ಸಣ್ಣಗೆ, ಮೇಲೆ, "ಕೀಂ". ತಕ್ಷಣ "ಚಟಾರ್". ಕೊನೆಗೆ ನಿಟ್ಟುಸಿರು, "ಹಿಂದಗಡೆ ಯಾರು ನೋಡ್ತಾರೆ ಬಿಡೋ!"

ಅಕ್ಕ ಹೊಟ್ಟೆ ಹಿಡಿದುಕೊಂಡು, "ಸಾಕೋ, ಇಲ್ಲೇ ಹೆರಿಗೆ ಆಗ್ಬಿಡುತ್ತೆ," ಅಂತ ನಕ್ಕಳು. ಅಪ್ಪ ಕಣ್ಣು ಒರೆಸಿಕೊಂಡರು. ದೊಡ್ಡಪ್ಪನೂ ನಕ್ಕರು. ನಕ್ಕು, ಪೇಪರ್ ಕೆಳಗಿಟ್ಟು, "ಎಲ್ಲಾ ಸರಿ. ಆ ಕೀಂ ಅಂತ ಒಂದು ಸೇರಿಸ್ದೆಯಲ್ಲ, ಅದ್ಯಾಕೆ?" ಅಂದರು.

"ಸೇರಿಸ್ಲಿಲ್ಲ ದೊಡ್ಡಪ್ಪ. ಅದು ಬರುತ್ತೆ."

"ಎಲ್ಲಿ ಬರುತ್ತೆ?"

"ಆಚೆ ಬರೋಕ್ಕೆ ಸ್ವಲ್ಪ ಮುಂಚೆ. ಗುರ್ ಅಂತಿರೋದು ಸಣ್ಣಗಾಗಿ ಕೀಂ ಅನ್ನುತ್ತೆ. ಆಮೇಲೇ ಒಡೆಯೋದು. ಪ್ರತಿ ಸಲ ಬರುತ್ತೆ."

"ಸುಳ್ಳು. ಹಂಗೆ ಸದ್ದೇ ಇಲ್ಲ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಯಾರ ಮುಖವನ್ನೂ ನೋಡದೆ ಕಾಫಿ ಲೋಟಗಳನ್ನು ಎತ್ತಿಕೊಂಡರು. "ಬರುತ್ತೆ ರೀ. ಅಡುಗೆಮನೆಗೇ ಕೇಳುತ್ತೆ," ಅಂದರು.

ನಮಗೆ ಗೊತ್ತಿಲ್ಲದ್ದೇನಲ್ಲ. ಕುಕ್ಕರ್ ನೋಡ್ಕೊಳ್ಳಿ ಅಂತ ಹೇಳಿ ಹೋದರೆ ಬೇಳೆ ಸೀಯುತ್ತಿತ್ತು, ವಿಷಲ್ಲೇ ಬರಲಿಲ್ಲ ಅಂತ ಅವರ ವಾದ. ಮುಂದಿನ ಮನೆ ಟಿವಿಯ ವಾರ್ತೆ ಕೇಳಿ ನಾಲ್ಕನೇ ಮನೆಯವರು ಚರ್ಚೆ ಮಾಡುತ್ತಿದ್ದರು. ಆದರೂ ಕಿವಿ ಅನ್ನೋ ಮಾತು ಎತ್ತಿದರೆ, "ಮಂಡಿಲಿ ಪಿಸುಮಾತಲ್ಲಿ ರೇಟು ಹೇಳೋರು. ಒಂದೂ ತಪ್ಪಿಸ್ಕೊಂಡಿಲ್ಲ ನಾನು," ಅನ್ನೋರು. ದಪ್ಪ ಸದ್ದೆಲ್ಲ ಅವರಿಗೆ ಚೆನ್ನಾಗೇ ಕೇಳುತ್ತಿತ್ತು. ಸಣ್ಣ ಸದ್ದುಗಳೇ ಒಂದೊಂದಾಗಿ ಮನೆ ಖಾಲಿ ಮಾಡಿಕೊಂಡು ಹೋಗಿದ್ದವು, ಹೇಳದೆ ಕೇಳದೆ.

ಆ ದಿನದಿಂದ ಡ್ರಿಲ್ಲು ಪೆಟ್ಟಿಗೆ ಸೇರಿತು. ದೊಡ್ಡಪ್ಪ ನನ್ನ ಜೊತೆ ಜಗಳ ಆಡಲಿಲ್ಲ, ಅದೇ ಕಷ್ಟವಾಯಿತು. ನಾನು ಹೋದರೆ "ಓದ್ಕೋ ಹೋಗು" ಅನ್ನೋರು. ಅವರು ಹಾಗಂದದ್ದು ಅದೇ ಮೊದಲು. ನಾನು ನಿಜವಾಗಲೂ ಹೆದರಿ ಒಂದು ಅಧ್ಯಾಯ ಓದಿಬಿಟ್ಟೆ.

ಅಷ್ಟರಲ್ಲಿ ಮಗು ಹುಟ್ಟಿತು. ಹೆಣ್ಣು. ನಾನು ನೋಡಿದಾಗ ಮುಷ್ಟಿ ಕಟ್ಟಿಕೊಂಡು, ಹುಬ್ಬು ಗಂಟುಹಾಕಿ, ಅಚ್ಚು ದೊಡ್ಡಪ್ಪ ವ್ಯಾಪಾರಕ್ಕೆ ಕೂತ ಹಾಗಿತ್ತು. ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಬಂದವರೇ ತಾವೇ ಹೋಗಿ ತೊಟ್ಟಿಲ ಮೇಲಿನ ಬಟ್ಟೆ ತೆಗೆದರು. "ಈಗ ಮಾಡ್ಕೊಳ್ಳಿ ನಿಮ್ ಗಿಡದ ಸ್ಟ್ಯಾಂಡು," ಅಂದರು. ಅಯ್ಯನವರು ನಾಮಕರಣದ ಶಾಸ್ತ್ರಕ್ಕೆ ದಿನ ಗೊತ್ತುಮಾಡಿದರು, ಹತ್ತಿರದ್ದೇ. ಬೀಗರಿಂದ ಫೋನ್ ಬಂತು: "ಬಟನ್ ಒತ್ಲಾ?"

"ಎರಡು ದಿನ ತಡೀರಿ," ಅಂದರು ದೊಡ್ಡಪ್ಪ.

ಮಧ್ಯಾಹ್ನ ಊಟವಾಗಿ ಮನೆಯೆಲ್ಲ ಮಲಗಿದ್ದಾಗ ಅವರು ನಡುವಿನ ಬಾಗಿಲಲ್ಲಿ ಬಂದು ನಿಂತರು. "ಏ, ಮುಕ್ಕಾಲು ಸಿಎ. ಬಾ ಇಲ್ಲಿ."

ಹಿತ್ತಲಲ್ಲಿ ಎಲ್ಲಾ ಸಿದ್ಧವಾಗಿತ್ತು. ತೇಗದ ಪಟ್ಟಿಯನ್ನು ಎರಡು ಮರದ ತುಂಡುಗಳ ನಡುವೆ ಬಿಗಿದಿದ್ದರು. ತೂತಿನ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ, ಮೊಳೆಯಿಂದ ಚುಕ್ಕಿ ಒತ್ತಿದ್ದರು.

"ಕೂತ್ಕೋ. ನನ್ ಭುಜದ ಮೇಲೆ ಕೈ ಇಡು. ಆ ನಿನ್ನ ಕೀಂ ಬಂದಾಗ ಒತ್ತು. ಬಾಯಿ ಮುಚ್ಕೊಂಡಿರ್ಬೇಕು, ಕಿವಿ ತೆರ್ಕೊಂಡಿರ್ಬೇಕು. ನಿನಗೆ ಇದು ಉಲ್ಟಾ ಅಂತ ನನಗೆ ಗೊತ್ತು, ಆದ್ರೂ ಪ್ರಯತ್ನ ಮಾಡು."

"ಬೇಕಾದ್ರೆ ನಾನೇ ಕೊರೀಲಾ ದೊಡ್ಡಪ್ಪ?"

ಅವರು ಒಂದು ಹಳೇ ಕೋಲು ಕೊಟ್ಟು "ಕೊರಿ ನೋಡೋಣ" ಅಂದರು. ಕೊರೆದೆ. ಬಿಟ್ಟು ಉಬ್ಬಿನ ಮೇಲೆ ಜಾರಿ, ಕೋಲು ತಪ್ಪಿಸಿ ಕಲ್ಲುಬೆಂಚಿಗೆ ಹೋಯಿತು. ದೊಡ್ಡಪ್ಪ ಡ್ರಿಲ್ಲು ವಾಪಸ್ ಇಸ್ಕೊಂಡರು. "ನೀನು ಸದ್ದು ಮಾಡೋದಕ್ಕೇ ಸರಿ," ಅಂದರು. ಮನಸ್ಸಿಗೆ ಹಗುರವಾಯಿತು, ಅವರು ಮತ್ತೆ ಬೈಯೋಕೆ ಶುರುಮಾಡಿದ್ದರು.

ಮೊದಲ ತೂತು. ಬೇರೆ ತುಂಡಿಲ್ಲ ಅನ್ನೋದು ಇಬ್ಬರಿಗೂ ಗೊತ್ತು. ಡ್ರಿಲ್ಲು ಗೊರಗುಟ್ಟಿತು. ಅವರ ಭುಜ ನನ್ನ ಕೈಯ ಕೆಳಗೆ ಹಳೇ ಅಭ್ಯಾಸಕ್ಕೆ ಮುಂದೆ ಬಂತು, ಅವರೇ ಹಿಂದಕ್ಕೆ ಎಳೆದುಕೊಂಡರು. ಹಳೇ ತೇಗದ ವಾಸನೆ, ಎಣ್ಣೆ ಎಣ್ಣೆಯಾಗಿ, ಮೂಗಿಗೆ ಬಂತು. ಗುರ್ರ್. ಗುರ್ರ್. ನಾನು ಅಷ್ಟು ಗಮನವಿಟ್ಟು ಯಾವ ಮನುಷ್ಯನ ದನಿಯನ್ನೂ ಕೇಳಿಸಿಕೊಂಡಿರಲಿಲ್ಲ. ಸದ್ದು ತೆಳ್ಳಗಾಗೋಕೆ ಶುರುವಾದ ಗಳಿಗೆ ಒತ್ತಿದೆ. ಅವರು ಕೈ ಬಿಟ್ಟರು. ಪಟ್ಟಿ ಬಿಚ್ಚಿ ತಿರುಗಿಸಿದೆವು. ಉಬ್ಬಿನ ಮೇಲೆ, ಸಾಸಿವೆ ಕಾಳಿನಷ್ಟು, ಒಂದೇ ಒಂದು ಚುಕ್ಕಿ.

ದೊಡ್ಡಪ್ಪ ಅದರ ಮೇಲೆ ಬೆರಳಿಟ್ಟರು. "ಇಲ್ಲಿ ಬರುತ್ತಾ ಅದು?" ಅಂದರು.

"ಹೂಂ."

"ಹೆಂಗಿರುತ್ತೆ? ಇನ್ನೊಂದ್ಸಲ ಮಾಡು."

ಮಾಡಿದೆ. ನನ್ನ ಬಾಯಿಂದ ಬಂದರೆ ಅವರಿಗೆ ಕೇಳುತ್ತಿತ್ತು, ನನ್ನ ಕೀಂ ಅಷ್ಟೊಂದು ಸಣ್ಣಗಿರಲಿಲ್ಲ ಅಂತ ಕಾಣುತ್ತೆ. ಅವರು ತಲೆಯಾಡಿಸಿ, ಸೂಜಿ ತೂತಿಗೆ ಮೊನೆ ಇಟ್ಟು ಆ ಕಡೆಯಿಂದ ಕೊರೆದರು. ಎರಡು ಕಡೆಯ ಅಂಚೂ ಕನ್ನಡಿ. ಸಾಲಿನ ಉದ್ದಕ್ಕೂ ಹಾಗೇ ಹೋದೆವು. ನಡುವೆ ಒಂದು ಕಡೆ ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು, ನಾನು ನಾಲಿಗೆ ತಡೆಯದೆ ಅವಳ ಹಾಗೇ "ಸೊಪ್ಪೋ" ಅಂದೆ, ಒತ್ತೋದು ಒಂದು ಉಸಿರು ತಡವಾಯಿತು. ಆ ತೂತಿನ ಅಂಚಲ್ಲಿ ಉಗುರಿನ ಮೊನೆಯಷ್ಟು ಚಕ್ಕೆ ಎದ್ದಿದೆ. ದೊಡ್ಡಪ್ಪ ನನ್ನನ್ನೇ ನೋಡಿದರು. "ಇದು ನಿನ್ನ ತೂತು," ಅಂದರು, "ಕೇಳಿದೋರಿಗೆ ಹಂಗೇ ಹೇಳ್ತೀನಿ."

ಕಂಬಿಗಳು ತೂತುಗಳಲ್ಲಿ ಬಿಗಿಯಾಗಿ ಕೂತವು. ಮೇಲೆ ಸಣ್ಣ ಬೆಣೆ ಹೊಡೆದು, ಮರಳು ಕಾಗದದಲ್ಲಿ ಉಜ್ಜಿ, ಎಣ್ಣೆ ಹಚ್ಚಿದರು. ಅಕ್ಕ ಬಾಣಂತಿ ಕೋಣೆಯಿಂದ ಶಾಲು ಸುತ್ತಿಕೊಂಡು ಬಂದು, ಬೆರಳಲ್ಲ, ಕೆನ್ನೆಯನ್ನೇ ಪಟ್ಟಿಯ ಉದ್ದಕ್ಕೂ ಉಜ್ಜಿ ನೋಡಿದಳು. ನನ್ನ ತೂತಿನ ಹತ್ತಿರ ನಿಂತಳು. "ಇಲ್ಲಿ ಚುಚ್ಚುತ್ತೆ." ದೊಡ್ಡಪ್ಪ ನನ್ನ ಕೈಗೆ ಮರಳು ಕಾಗದ ಕೊಟ್ಟರು.

ಶಾಸ್ತ್ರದ ದಿನ ಹಜಾರದ ತೊಲೆಗೆ ತೊಟ್ಟಿಲು ಕಟ್ಟಿದರು, ಚೆಂಡುಹೂವು ಸುತ್ತಿದರು. ಬೀಗರು ಮಲ್ಲೇಶ್ವರದಿಂದ ಹಣ್ಣಿನ ಬುಟ್ಟಿಗಳ ಸಮೇತ ಇಳಿದರು. ಮಗುವಿಗೆ ಮುಂಚೆ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕೋದು ನಮ್ಮಲ್ಲಿ ಪದ್ಧತಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ದೊಡ್ಡಮ್ಮ ಹಿತ್ತಲ ಒರಳಿನ ರುಬ್ಬುಗುಂಡನ್ನೇ ತೊಳೆದು, ವಿಭೂತಿ ಹಚ್ಚಿ, ಕುಲಾವಿ ಕಟ್ಟಿ ಕೂರಿಸಿದ್ದರು. ಅದನ್ನು ನೋಡಿದ ದೊಡ್ಡಪ್ಪನ ಬಣ್ಣ ಇಳಿಯಿತು.

"ಚಿಕ್ಕದು ಇಲ್ವಾ? ಖಾರ ಅರೆಯೋ ಗುಂಡು?"

"ಈ ಮನೇಲಿ ಎಲ್ರಿಗೂ ಇದನ್ನೇ ಹಾಕಿದ್ದು. ಇವನಿಗೂ," ಅಂತ ದೊಡ್ಡಮ್ಮ ನನ್ನ ಕಡೆ ಗಲ್ಲ ತೋರಿಸಿದರು. "ತಲೆ ಮಾತ್ರ ಗಟ್ಟಿ ಆಯ್ತು."

ಇಬ್ಬರು ಹೆಂಗಸರು ಉಸ್ಸೆಂದು ಗುಂಡು ಎತ್ತಿ ತೊಟ್ಟಿಲಲ್ಲಿ ಇಟ್ಟರು. ಸರಪಳಿ ಬಿಗಿಯಿತು. ಎಲ್ಲೋ "ಕಿರ್" ಅಂದಿತು. ದೊಡ್ಡಪ್ಪನಿಗೆ ಅದು ಕೇಳಿರಲಿಲ್ಲ, ಆದರೆ ನಾನು ತಲೆ ಎತ್ತಿದ್ದು ಕಂಡಿತ್ತು. ನಾನು ತೊಲೆಯ ಕೊಂಡಿ ತೋರಿಸಿ, ಅದು ಕಬ್ಬಿಣ ಅಂತ ಸನ್ನೆ ಮಾಡಿದೆ. ಸೋಬಾನೆ ಹಾಡುತ್ತಾ ಗುಂಡನ್ನು ತೂಗಿದರು. ಪಟ್ಟಿ ಅಲುಗಲಿಲ್ಲ, ಬೆಣೆ ಏಳಲಿಲ್ಲ. ಗುಂಡು ತೆಗೆದು ಮಗುವನ್ನು ಮಲಗಿಸಿದರು. ದೊಡ್ಡಪ್ಪ ಆಗ ಉಸಿರು ಬಿಟ್ಟರು, ಅದು ಬೀದಿಗೇ ಕೇಳಿರಬೇಕು.

ಬೀಗರು ತೊಟ್ಟಿಲ ಹತ್ತಿರ ಬಂದು, ಕನ್ನಡಕ ಏರಿಸಿ, ಪಟ್ಟಿಯ ಮೇಲೆ ಬೆರಳಾಡಿಸಿದರು. "ಎಷ್ಟು ನೀಟಾಗಿದೆ! ಎಲ್ಲಿ ಮಾಡಿಸಿದ್ರಿ? ಫ್ಯಾಕ್ಟರಿ ಕೆಲಸ ಇದು."

"ಮನೇಲೇ," ಅಂದರು ದೊಡ್ಡಪ್ಪ. "ಕೈ ನಂದು. ಕಿವಿ ಇವನದು. ನನಗೆ ಸಣ್ಣ ಸದ್ದು ಕೇಳಲ್ಲ, ಇವನು ಕೇಳಿ ಹೇಳಿದ."

ಹಜಾರದಲ್ಲಿ ಹಾಡು ನಿಂತಿರಲಿಲ್ಲ, ಆದರೂ ನಮ್ಮ ಮನೆಯವರಿಗೆಲ್ಲ ಆ ಮಾತು ಕೇಳಿತು. ನಾನು ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ, ಯಾರ ದನಿಯೂ ಬರಲಿಲ್ಲ. ದೊಡ್ಡಮ್ಮ ಮಾತ್ರ ಸಮಯ ಕಳೆಯೋರಲ್ಲ.

"ಕೇಳಿಸ್ಕೊಂಡ್ರಾ ಬೀಗ್ರೇ? ನೀವೇ ಸಾಕ್ಷಿ. ನಾಳೆನೇ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ."

ದೊಡ್ಡಪ್ಪ ತೊಟ್ಟಿಲು ತೂಗುತ್ತಾ, "ಏನಂದೆ? ಕೇಳಿಸ್ತಿಲ್ಲ," ಅಂದರು.

"ಡಾಕ್ಟ್ರ ಹತ್ರ!"

"ಈ ಕಿವಿ ಸ್ವಲ್ಪ ಮಂದ ಕಣೇ, ಈಗ ತಾನೆ ಹೇಳಿದ್ನಲ್ಲ."

ವರ್ಷಗಟ್ಟಲೆ ಇಲ್ಲ ಅಂದದ್ದನ್ನು ಒಪ್ಪಿಕೊಂಡು ಇನ್ನೂ ಅರೆಗಳಿಗೆ ಆಗಿರಲಿಲ್ಲ, ಆಗಲೇ ಅದನ್ನು ಕೆಲಸಕ್ಕೆ ಹಚ್ಚಿದ್ದರು. ಮಂಡಿ ಬುದ್ಧಿ ಅಂದರೆ ಅದು. ಎಲ್ಲರೂ ನಕ್ಕರು.

ಅಕ್ಕ ನಗುತ್ತಲೇ ತೊಟ್ಟಿಲ ಆ ಕಡೆಯಿಂದ ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿಟ್ಟಳು. "ಅಪ್ಪಾ, ಇವಳು ಅತ್ರೂ ನಿನಗೆ ಕೇಳ್ತಿಲ್ಲ ಅಲ್ವಾ? ಈಗ ಅಳ್ತಿದ್ದಾಳೆ ನೋಡು."

ಮಗು ಕಣ್ಣು ಮುಚ್ಚಿ, ಬಾಯಿ ತೆರೆದು, ಎಳೆಯ ದನಿಯಲ್ಲಿ ಅಳುತ್ತಿತ್ತು. ದೊಡ್ಡಪ್ಪ ತೂಗೋದು ನಿಲ್ಲಿಸಿದರು. ಆ ಸಣ್ಣ ಬಾಯಿಯನ್ನೇ ನೋಡಿದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಆ ಡಾಕ್ಟ್ರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತಾನೆ?" ಅಂದರು.